ಕಾಂತು ಅಕ್ಕೋರ ಸ್ಪ್ಯಾನಿಶ್

ಗೊಳಸಂಗಿ
ರವಿವಾರ, ೯ ನವೆಂಬರ್ ೨೦೨೫

ಅಕ್ಕ ಭಾಗ್ಯಾಗೆ ತಮ್ಮ ಕಾಂತುವಿನ ಶರಣು.

ಅವ್ವ ಗಟ್ಟಿಯಾಗಿದ್ದಾಳೆ, ಮೊಣಕಾಲೊಂದನ್ನು ಬಿಟ್ಟು. ಅಪ್ಪ ಕುರಿ ಹೊಡೆದುಕೊಂಡು ಆಲಮಟ್ಟಿ ಹಿನ್ನೀರಿನ ಕಡೆ ಹೋಗಿ ಹದಿನೈದು ದಿನವಾಯಿತು. ಯಾವುದಾದರೂ ಚಹಾದಂಗಡಿಯಲ್ಲಿ ಫೋನು ಚಾರ್ಜಿಗೆ ಹಾಕಿದ ದಿನ ಮಾತ್ರ ಅವನ ದನಿ ಕೇಳುತ್ತದೆ. ನಿನ್ನ ಮನೆಯ ಸುದ್ದಿ ಅವ್ವನ ಬಾಯಿಂದ ತಿಳಿಯುತ್ತಿರುತ್ತದೆ. ಹುಚ್ಚವ್ವ ಅತ್ತೆಯ ಕಣ್ಣಿನ ಆಪರೇಶನ್ ಆದದ್ದು, ಸಂಗು ಮಾವ ಬೋರು ಹೊಡೆಸಿದ್ದು, ನಿನ್ನ ಮಗಳು ಸುನೀತಾ ಚಪ್ಪಲಿಯನ್ನು ತಾನೇ ಹಾಕಿಕೊಳ್ಳುವುದು, ಅದೂ ದಿನಾ ಎಡಬಲ ತಪ್ಪಿ, ಎಲ್ಲ ಗೊತ್ತು. ಅವಳನ್ನು ನಾನಿನ್ನೂ ನೋಡಿಲ್ಲ.

ಕಾಗದ ಬರೆಯಲು ತಡವಾಯಿತು, ಕ್ಷಮಿಸು ಎಂದು ಎಲ್ಲರೂ ಬರೆಯುತ್ತಾರೆ. ನನ್ನದು ಆರು ವರ್ಷದ ತಡ. ಅದಕ್ಕೆ ಒಂದು ಸಾಲಿನ ಕ್ಷಮೆ ಸಾಲದು, ಹಾಗಾಗಿ ಈಗ ಕೇಳುವುದಿಲ್ಲ. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀ. ಕಾಗದವನ್ನು ನೀನು ಹರಿಯಬಹುದು, ಆದರೆ ಹರಿಯುವ ಮೊದಲು ನಾಲ್ಕು ಸಾಲಾದರೂ ಕಣ್ಣಿಗೆ ಬಿದ್ದೇ ಬೀಳುತ್ತವೆ. ಆ ಲೆಕ್ಕದ ಮೇಲೆ ಬರೆಯುತ್ತಿದ್ದೇನೆ.

ಇವತ್ತೇ ಬರೆಯಲು ಕಾರಣವಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಬಸ್‌ಸ್ಟ್ಯಾಂಡುಗಳಲ್ಲಿ ಒಂದು ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ ಹಂಚುತ್ತಿದ್ದಾರೆ. ನಿಮ್ಮೂರು ದೇವಣಗಾಂವಕ್ಕೂ ಬಂದೀತು. ಅದರ ಮೂಲೆಯಲ್ಲಿ ಟೈ ಕಟ್ಟಿಕೊಂಡ ಒಬ್ಬನ ಫೋಟೋ ಇದೆ. ಅವನು ನಾನೇ. ಟೈ ಮಾತ್ರ ಸ್ಟುಡಿಯೋದವರದು. ಫೋಟೋದ ಕೆಳಗೆ ‘ಕಾಂತು ಸರ್, ಎಂ.ಎ. (ಸ್ಪ್ಯಾನಿಶ್), ಗೋವಾ’ ಎಂದು ಅಚ್ಚಾಗಿದೆ. ಅದು ಸುಳ್ಳು. ನಾನು ಹೇಳಿದ ಸುಳ್ಳಲ್ಲ, ಆದರೆ ನನ್ನ ಮುಖದ ಕೆಳಗಿದೆ. ಹತ್ತನೆತ್ತೆ ಪಾಸಾದೆ ಎಂದು ಒಮ್ಮೆ ನಿನಗೆ ಸುಳ್ಳು ಹೇಳಿದವನು ನಾನು. ನನ್ನ ಮಾತು ನಂಬಿ ನೀನು ಗಂಡನ ಮನೆಯ ಓಣಿಗೆಲ್ಲ ಸಕ್ಕರೆ ಹಂಚಿದೆ. ಪಾಸಾಗುವುದಿರಲಿ, ನಾನು ಒಂದು ಪೇಪರಿಗೂ ಕುಳಿತಿರಲಿಲ್ಲ ಎಂದು ಆಮೇಲೆ ಆ ಓಣಿಯೇ ನಿನಗೆ ಹೇಳಿತು. ಈ ಸಲ ಮೊದಲು ನನ್ನಿಂದಲೇ ಕೇಳು. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಗೋವಾದಲ್ಲಿ ಸಮುದ್ರದ ದಂಡೆಯ ಒಂದು ಗೆಸ್ಟ್‌ಹೌಸಿನಲ್ಲಿ ನಾನು ತಾಟು ತೊಳೆಯುತ್ತಿದ್ದೆ. ಲಾಕ್‌ಡೌನ್ ಆದಾಗ ಮಾಲಕ ಬಾಗಿಲು ಹಾಕಿಕೊಂಡು ಮನೆಗೆ ಹೋದ. ಒಳಗೆ ಉಳಿದವರು ನಾನು, ಒಬ್ಬ ಅಡುಗೆಯವನು, ಊರಿಗೆ ಹೋಗಲು ವಿಮಾನವಿಲ್ಲದ ಇನೇಸ್ ಎಂಬ ಸ್ಪೇನ್ ದೇಶದ ಹೆಣ್ಣುಮಗಳು, ಅವಳ ಮಗಳು ಲೋಲಾ. ಲೋಲಾಗೆ ಆಗ ನಾಲ್ಕು ವರ್ಷ. ಅವಳೇ ನನ್ನ ಗುರು. ತಿಂಗಳುಗಟ್ಟಲೆ ಅವಳಿಗೆ ಆಡಲು ನಾನೊಬ್ಬನೇ ಇದ್ದೆ. ಕೆಂಪು ತೋರಿಸಿ ‘ರೋಹೊ’ ಅನ್ನುವಳು, ಹಸಿರು ತೋರಿಸಿ ‘ಬೆರ್ದೆ’. ನಾನು ತಪ್ಪಿದರೆ ಕಿವಿ ಹಿಂಡುವಳು. ಮುಂದಿನ ವರ್ಷವೂ ಅವರು ಬಂದರು, ಅದರ ಮುಂದಿನ ವರ್ಷವೂ. ಹೀಗೆ ಕಲಿತದ್ದು. ನನಗೆ ಸ್ಪ್ಯಾನಿಶ್ ಪೇಪರ್ ಓದಲು ಬರುವುದಿಲ್ಲ. ದೊಡ್ಡವರೊಡನೆ ಎರಡು ಮಾತು ಮುಗಿದರೆ ಮೂರನೆಯದಕ್ಕೆ ತಡವರಿಸುತ್ತೇನೆ. ಆದರೆ ನಾಲ್ಕು ವರ್ಷದ ಕೂಸಿಗೆ ಎಷ್ಟು ಬರುತ್ತದೋ ಅಷ್ಟೂ ನನಗೆ ಬರುತ್ತದೆ. ಹಸಿವಾಯಿತು, ನೀರು ಕೊಡು, ನನಗೆ ಬೇಡ, ಇದು ನನ್ನದು, ಎತ್ತಿಕೋ.

ಹೋದ ವರ್ಷ ಊರಿಗೆ ಬಂದೆ. ಬಸವನ ಬಾಗೇವಾಡಿಯ ‘ಚಿಗುರು’ ಎಂಬ ಸಾಲಿಯವರು ಎಲ್‌ಕೆಜಿ ಗೋಡೆಗೆ ಚಿತ್ರ ಬರೆಯಲು ಕರೆದರು. ನಾನು ಕುರಿಹಿಂಡು ಬರೆಯುತ್ತಿದ್ದೆ. ಮಕ್ಕಳು ಬಂದು ಬೆನ್ನ ಹಿಂದೆ ನಿಂತವು. ಬಣ್ಣದ ಡಬ್ಬಿ ಎತ್ತುವಾಗ ನನ್ನ ಬಾಯಿಗೆ ಬರುತ್ತಿದ್ದದ್ದು ಲೋಲಾಳ ಹೆಸರುಗಳೇ. ಮೂರನೆಯ ದಿನ ತೌಸಿಫ ಎಂಬ ಹುಡುಗ ತನ್ನ ಅಂಗಿ ತೋರಿಸಿ “ಇದು ಅಸುಲ್” ಎಂದ. ಅಸುಲ್ ಅಂದರೆ ನೀಲಿ. ಅದನ್ನು ಸಾಲಿಯ ಚೇರ್ಮನ್ ಸಂಜೀವಕುಮಾರ ಸರ್ ಕೇಳಿಸಿಕೊಂಡರು.

“ಯಾವ ಭಾಷಾನೋ ಅದು?”

“ಸ್ಪ್ಯಾನಿಶ್ ರಿ.”

“ಆಚೆಕಡೆ ಸಾಲ್ಯಾಗ ಅಬ್ಯಾಕಸ್ ತಂದಾರ. ನಾವು ಸ್ಪ್ಯಾನಿಶ್ ತರೂಣು. ನಾಳೆಯಿಂದ ನೀನ ಮಾಸ್ತರ. ಚಿತ್ರ, ಹಾಡು, ಸ್ಪ್ಯಾನಿಶ್, ಮೂರೂ ನಿಂದ.”

“ನಾ ಹತ್ತನೆತ್ತೇನೂ ಪಾಸಾಗಿಲ್ರಿ.”

“ಯಾಂವ ಕೇಳ್ಯಾನ ನಿನ್ನ?”

ಅವತ್ತು ಯಾರೂ ಕೇಳಿರಲಿಲ್ಲ, ಅದು ನಿಜ.

ಅಕ್ಕಾ, ನಾನು ಯಾವ ಕೆಲಸದಲ್ಲೂ ಮನಸ್ಸಿಟ್ಟು ನಿಂತವನಲ್ಲ. ನಿನಗೇ ಗೊತ್ತು, ಊಟಕ್ಕೆ ಕುಳಿತರೂ ನನ್ನ ಕಾಲು ಅಲುಗಾಡುತ್ತಿರುತ್ತದೆ. ಈ ಕೆಲಸದಲ್ಲಿ ಕಾಲು ಅಲುಗಾಡಿಸುವುದೇ ಕೆಲಸ. ಖಾಲಿ ಬಣ್ಣದ ಬಕೆಟ್ ಬೋರಲು ಹಾಕಿ ಅಪ್ಪ ಡೊಳ್ಳಿಗೆ ಹಾಕುವ ಪೆಟ್ಟು ಹಾಕುತ್ತೇನೆ. ಮೂವತ್ತೊಂದು ಮಕ್ಕಳ ಕೈಯಲ್ಲಿ ಮೂವತ್ತೊಂದು ಡಬ್ಬಿಯ ಮುಚ್ಚಳ. ಉನೊ, ದೋಸ್, ತ್ರೆಸ್ ಅಂದರೆ ಒಂದು, ಎರಡು, ಮೂರು. ಮೆಟ್ಟಿಲು ಹತ್ತುತ್ತಾ ಕಲಿತರು. ಆಷಾಢದಲ್ಲಿ ಗುಳ್ಳವ್ವನ ಮಣ್ಣು ತಂದು ಎಲ್ಲರಿಂದ ಗುಳ್ಳವ್ವನ ಗೊಂಬೆ ಮಾಡಿಸಿದೆ. ತಾವು ಮಾಡಿದ ಗುಳ್ಳವ್ವನ ಮೂಗು, ಬಾಯಿ, ಕಣ್ಣು ಮುಟ್ಟಿ ಸ್ಪ್ಯಾನಿಶ್‌ನಲ್ಲಿ ಹೇಳಿದರು. ಗದ್ದಲ ಹೆಚ್ಚಾದರೆ ಕುರಿಗೆ ಕೊಡುವ ಕೂಗು ಕೊಡುತ್ತೇನೆ. ಮೂವತ್ತೊಂದೂ ಗಪ್ಪನೆ ಕೂಡುತ್ತವೆ.

ಒಂದು ತಕರಾರು. ಈ ಮಕ್ಕಳು ಹುಟ್ಟಿದಾಗಿನಿಂದ ಕಲಿಸುವ ಗಂಡಸನ್ನು ನೋಡಿಲ್ಲ. ಕಲಿಸುವವರೆಂದರೆ ಅಕ್ಕೋರು. ಹಾಗಾಗಿ ನಾನೂ ‘ಕಾಂತು ಅಕ್ಕೋರು’. ಹೆಡ್ ಟೀಚರ್ ರಾಜೇಶ್ವರಿ ಮೇಡಂ “ಸರ್ ಅನ್ರೋ” ಎಂದು ಎಷ್ಟು ಹೇಳಿದರೂ ಅವು ಬಿಡಲಿಲ್ಲ. ಗೊಳಸಂಗಿಯ ಕಟ್ಟೆಯ ಮೇಲೆ ಕೂಡುವ ಗೆಳೆಯರಿಗೆ ಇದು ಹೇಗೋ ಗೊತ್ತಾಯಿತು. “ಏನ್ರೀ ಅಕ್ಕೋರ, ಸೀರಿ ಯಾವಾಗ ಉಡತೀರಿ?” ಅನ್ನುತ್ತಾರೆ. “ನಿಮ್ಮ ಮದವಿಗೆ ಉಡತೇನ್ರಿ” ಅನ್ನುತ್ತೇನೆ. ಇನ್ನೊಂದು ತಕರಾರು ತಾಯಂದಿರದು. ‘ನೋ ಕಿಯೆರೊ’ ಅಂದರೆ ನನಗೆ ಬೇಡ ಎಂದರ್ಥ. ರೊಟ್ಟಿ ಮುಂದಿಟ್ಟರೆ ಮಕ್ಕಳು ಮನೆಯಲ್ಲಿ ಅದನ್ನೇ ಕೂಗುತ್ತವಂತೆ. “ಮೊದಲು ಒಂದ ಭಾಷಾದಾಗ ಹಟ ಮಾಡತಿದ್ವು, ಈಗ ಎರಡರಾಗ ಮಾಡ್ತಾವ” ಎಂದು ಒಬ್ಬ ತಾಯಿ ಬೈದು ಹೋದಳು. ಅವಳ ಮಗ ಗೇಟಿನ ಹೊರಗೆ ನಗುತ್ತಿದ್ದ.

ಇಷ್ಟೆಲ್ಲ ಸುಖ. ಈಗ ಕಷ್ಟ.

ಶನಿವಾರ ಪಾಲಕರ ಸಭೆ. ಬೇರೆ ತಾಲೂಕಿನಲ್ಲೂ ಸಾಲಿ ತೆಗೆಯುವ ವಿಚಾರ ಸರ್‌ಗೆ ಇರುವುದರಿಂದ ಅಲ್ಲಿಯ ಕೆಲವರನ್ನೂ ಕರೆದಿದ್ದಾರೆ. ನನ್ನನ್ನು ವೇದಿಕೆಗೆ ಕರೆದು ಎಂ.ಎ. ಎಂದು ಪರಿಚಯ ಮಾಡಿಕೊಡುತ್ತಾರಂತೆ. ಹ್ಯಾಂಡ್‌ಬಿಲ್ ಕೈಗೆ ಬಂದ ದಿನವೇ ನಾನು ಅವರ ಕೋಣೆಗೆ ಹೋದೆ.

“ಸರ್, ಇದು ಖರೆ ಅಲ್ರಿ. ತಗಸ್ರಿ.”

“ಹಂಚಿ ಆಗೇದೋ. ಈಗೇನು ಮೂರು ತಾಲೂಕಿನ ಮನಿಮನಿಗೆ ಹೋಗಿ ಕಾಗದ ಇಸಗೊಂಡು ಬರಲೇನು?”

“ಯಾರರೆ ಕೇಳಿದ್ರ ನಾ ಇಲ್ಲ ಅಂತೇನ್ರಿ.”

ಅವರು ಕುರ್ಚಿ ಹಿಂದೆ ಸರಿಸಿದರು. ಸಿಟ್ಟಾಗಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆಯಾದದ್ದು. “ಕಾಂತು, ನಿನಗ ಸುಳ್ಳು ಹೇಳು ಅಂತ ಯಾರಂದ್ರು? ಹೇಳಾಂವ ನಾನು. ನೀ ಸುಮ್ಮ ನಿಂತ್ರ ಸಾಕು. ಅಷ್ಟೂ ಆಗೂದಿಲ್ಲ ಅಂದ್ರ ಸೋಮವಾರದಿಂದ ಬರಬ್ಯಾಡ.”

ಹೊರಗೆ ಬಂದೆ. ಆಯಾ ಚನ್ನವ್ವ ಕಸಬರಿಗೆ ಹಿಡಿದು ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. “ಎಪ್ಪಾ, ಹೊಟ್ಟಿಗಿ ಹಾಕೂ ಕೆಲಸ ಅದ. ತುಟಿ ಹೊಲಕೊಂಡು ನಿಂದ್ರು” ಎಂದಳು. ಅವಳು ನನ್ನ ಒಳ್ಳೆಯದಕ್ಕೇ ಹೇಳಿದ್ದು.

ಅಕ್ಕಾ, ಆ ಮಕ್ಕಳ ಕ್ಲಾಸು ಬಿಟ್ಟು ಹೋಗುವುದು ನನಗೆ ಆಗುವುದಿಲ್ಲ. ಆ ಫೋಟೋದ ಕೆಳಗೆ ನಿಲ್ಲುವುದೂ ಆಗುವುದಿಲ್ಲ. ಶನಿವಾರ ಎರಡರಲ್ಲಿ ಒಂದು ಆಗಬೇಕು. ಏನಾಯಿತೆಂದು ಬರೆಯುತ್ತೇನೆ, ನೀನು ಓದಿದರೂ ಸರಿ, ಓದದಿದ್ದರೂ ಸರಿ.

ನಿನ್ನ ತಮ್ಮ
ಕಾಂತು


ಗೊಳಸಂಗಿ
ರವಿವಾರ, ೨೩ ನವೆಂಬರ್ ೨೦೨೫

ಅಕ್ಕ ಭಾಗ್ಯಾಗೆ ಶರಣು.

ಸಭೆ ಮುಗಿದ ಮರುದಿನವೇ ಬರೆಯಬೇಕಿತ್ತು. ಒಂದು ವಾರ ತಡಮಾಡಿದೆ. ಬರೆಯುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಕೆಲವಿದ್ದವು. ನನ್ನ ಹಿಂದಿನ ಕಾಗದ ಸಿಕ್ಕಿತೆಂದು ಅವ್ವನ ಫೋನಿನಲ್ಲಿ ಹೇಳಿದೆಯಂತೆ. ಓದಿದೆನೆಂದು ಹೇಳಲಿಲ್ಲವಂತೆ. ಇರಲಿ.

ಸಭೆಗಾಗಿ ನಾನು ಒಂದು ದೊಡ್ಡ ಬಿಳಿ ಬಟ್ಟೆಯ ಮೇಲೆ ಕುರಿಹಿಂಡು ಬರೆದಿದ್ದೆ. ನಿನಗೆ ಗೊತ್ತಲ್ಲ, ಅಪ್ಪ ಎಂದೂ ಕುರಿ ಎಣಿಸುವುದಿಲ್ಲ. ಎಣಿಸಿದರೆ ಕಡಿಮೆಯಾಗುತ್ತವೆ ಅನ್ನುತ್ತಾನೆ. ಸಂಜೆ ಹಟ್ಟಿಗೆ ತುಂಬುವಾಗ ಒಂದೊಂದರ ಮುಖ ನೋಡುತ್ತಾನೆ, ಯಾವುದು ಬಂದಿಲ್ಲವೆಂದು ತಿಳಿದುಬಿಡುತ್ತದೆ. ನಾನು ಮಕ್ಕಳ ಹಾಜರಿಯನ್ನೂ ಹಾಗೆಯೇ ತೆಗೆದುಕೊಳ್ಳುತ್ತೇನೆ. ಬಟ್ಟೆಯ ಮೇಲಿನ ಕುರಿಗಳಿಗೂ ಮಕ್ಕಳೇ ಹೆಸರಿಟ್ಟಿದ್ದರು. ಕರಿಯದು ನೆಗ್ರಾ, ಬಿಳಿಯದು ಬ್ಲಾಂಕಾ, ಕೆಂಪು ಬಾಲದ್ದು ರೋಹಾ, ನೀಲಿ ಕಿವಿಯದು ಅಸುಲ್. ಕಾಲು ಗಿಡ್ಡ ಬರೆದುಬಿಟ್ಟಿದ್ದೆ ಒಂದಕ್ಕೆ, ಅದು ಕುಂಟಿ. ಅದಕ್ಕೆ ಸ್ಪ್ಯಾನಿಶ್ ನನಗೆ ಗೊತ್ತಿರಲಿಲ್ಲ.

ಸಭೆಗೆ ಮುನ್ನೂರು ಜನ ಸೇರಿದ್ದರು. ಸಂಜೀವಕುಮಾರ ಸರ್ ನನ್ನನ್ನು ವೇದಿಕೆಯ ಮೂಲೆಯಲ್ಲಿ ನಿಲ್ಲಿಸಿ ಮೈಕಿನಲ್ಲಿ “ಗೋವಾದಾಗ ಎಂ.ಎ. ಮಾಡಿದ ನಮ್ಮ ಕಾಂತು ಸರ್” ಎಂದರು. ಚಪ್ಪಾಳೆ ಬಿತ್ತು. ನನ್ನ ಕೈ ಮೈಕಿನ ಕಡೆ ಹೋಗಲಿಲ್ಲ, ಅಕ್ಕಾ. ನಿಜ ಹೇಳುತ್ತೇನೆ, ಹೋಗಲಿಲ್ಲ. ಹೇಳಬೇಕಾದದ್ದನ್ನು ಮನೆಯಲ್ಲಿ ಹತ್ತು ಸಲ ಹೇಳಿಕೊಂಡು ಬಂದಿದ್ದೆ. ಅಷ್ಟರಲ್ಲಿ ಅವರು ತೌಸಿಫನನ್ನು ಮುಂದೆ ಕರೆದರು.

“ಹೇಳಪಾ, ಇಲ್ಲಿ ಎಷ್ಟು ಕುರಿ ಅದಾವ? ಸ್ಪ್ಯಾನಿಶ್‌ನ್ಯಾಗ ಎಣಿಸು.”

ತೌಸಿಫ ಬಟ್ಟೆಯ ಕಡೆ ನೋಡಿದ. ಅವರು ಮತ್ತೆ ಕೇಳಿದರು. ಅವನು ಮೈಕಿಗೆ ಬಾಯಿ ಹಚ್ಚಿ, “ಎಣಿಸಬಾರದ್ರಿ” ಎಂದ.

“ಯಾಕೋ?”

“ಕಮ್ಮಿ ಆಗ್ತಾವ್ರಿ. ಕಾಂತು ಅಕ್ಕೋರು ಹೇಳ್ಯಾರ.”

ಜನ ಹೋ ಎಂದು ನಕ್ಕರು. ಸರ್‌ ಮುಖ ಕೆಂಪಾಯಿತು. “ಅಂದ್ರ ಎಲ್ಲಾ ಕುರಿ ಅದಾವೋ ಇಲ್ಲೋ, ಹೆಂಗ ಗೊತ್ತಾಗಬೇಕು?” ಎಂದು ಕೇಳಿದರು. ಅದನ್ನು ಅವರು ಕೇಳಬಾರದಿತ್ತು. ಮೂವತ್ತೊಂದು ಮಕ್ಕಳೂ ಬಟ್ಟೆಯ ಕಡೆ ತಿರುಗಿ ಮುಖ ನೋಡತೊಡಗಿದರು. ನೆಗ್ರಾ, ಬ್ಲಾಂಕಾ, ರೋಹಾ, ಕುಂಟಿ. ಆಮೇಲೆ ಒಂದು ಹುಡುಗಿ ಚೀರಿತು. “ಅಸುಲ್ ಇಲ್ಲ! ಅಕ್ಕೋರ, ಅಸುಲ್ ಕಳದೈತಿ!”

ನನಗೂ ಆಗಲೇ ಕಂಡದ್ದು. ಬೆಳಿಗ್ಗೆ ಮಂಟಪದವರು ಹೊಸ ಫ್ಲೆಕ್ಸ್ ಕಟ್ಟುವಾಗ ಅದರ ಒಂದು ತುದಿಯನ್ನು ನನ್ನ ಬಟ್ಟೆಯ ಮೇಲೆಯೇ ಇಳಿಬಿಟ್ಟಿದ್ದರು. ಮಕ್ಕಳಿಗೆ ಫ್ಲೆಕ್ಸ್ ಯಾವ ಲೆಕ್ಕ? ಕುರಿ ಕಳೆದಿದೆ. ನಾಲ್ಕೈದು ಜನ ಕೂಡಿ ಅದನ್ನು ಜಗ್ಗಿದರು. ಹಗ್ಗ ಕಿತ್ತು ಫ್ಲೆಕ್ಸ್ ಸರ್‌ ಕಾಲ ಬಳಿ ಬಿತ್ತು. ನನ್ನ ಫೋಟೋ, ಟೈ, ಎಂ.ಎ. ಎಲ್ಲ ಕೆಳಗೆ. ಬಟ್ಟೆಯ ಮೇಲೆ ಅಸುಲ್ ಇತ್ತು. “ಸಿಕ್ತು! ಸಿಕ್ತು!” ಎಂದು ಕುಣಿದವು.

ನಗು ನಿಂತ ಮೇಲೆ ಎರಡನೆಯ ಸಾಲಿನಲ್ಲಿ ಒಬ್ಬರು ಎದ್ದರು. ಆ ಚೀರಿದ ಹುಡುಗಿಯ ಅಜ್ಜ, ಗುರಲಿಂಗಪ್ಪ. ತಲೆಗೆ ಪಟಗಾ ಸುತ್ತಿದ್ದರು.

“ಮಾಸ್ತರ, ಕುರಿ ಎಣಿಸಬಾರದು ಅನ್ನೂದು ಕುರಿ ಕಾಯಾವರ ಮಾತು. ಎಂ.ಎ. ಓದಿದಾವರಿಗೆ ಇದನ್ನ ಯಾರು ಕಲಿಸಿದ್ರಿ?”

ಸರ್ ನಡುವೆ ಬಂದರು. “ಅಜ್ಜಾರ, ಅವರು ಗೋವಾದಾಗ...”

“ನಾ ಅವರನ್ನ ಕೇಳೇನ್ರಿ.”

ಆಗ ನನ್ನ ಕೈ ಹೋಯಿತು. ಮೈಕು ತೆಗೆದುಕೊಂಡೆ. ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ನಮ್ಮಪ್ಪ ಅಮಸಿದ್ದ, ಗೊಳಸಂಗಿಯಾಂವ, ಕುರಿ ಕಾಯತಾನ, ಅವನ ಕಲಿಸಿದ್ರಿ ಎಂದೆ. ನಾ ಎಂ.ಎ. ಅಲ್ರಿ, ಹತ್ತನೆತ್ತೆ ಪರೀಕ್ಷಾಕ್ಕ ಕುಂತಾಂವ ಅಲ್ಲ ಎಂದೆ. ಗೋವಾದಾಗ ತಾಟು ತೊಳಿತಿದ್ದೆ, ಅಲ್ಲಿ ಒಂದು ನಾಕ ವರ್ಷದ ಹುಡುಗಿ ಸ್ಪ್ಯಾನಿಶ್ ಕಲಿಸಿತು, ಅಷ್ಟನ್ನ ನಿಮ್ಮ ಮಕ್ಕಳಿಗೆ ಕಲಸಾಕತ್ತೇನಿ, ಅದಕ್ಕಿಂತ ಹೆಚ್ಚು ನನಗ ಬರೂದಿಲ್ಲ ಎಂದೆ.

ಸಭೆಯಲ್ಲಿ ಗುಜುಗುಜು ಎದ್ದಿತು. ಮುಂದಿನ ಸಾಲಿನ ಒಬ್ಬ ಹೆಣ್ಣುಮಗಳು, “ಅಯ್ಯ, ತಾಟು ತೊಳ್ಯಾಂವನ ಕೈಯಾಗ ಕೊಟ್ಟಾರಲ್ಲ ನಮ್ಮ ಮಕ್ಕಳನ್ನ!” ಎಂದಳು. ಹಿಂದಿನಿಂದ ಚನ್ನವ್ವನ ದನಿ ಬಂತು. “ನಿಮ್ಮ ಮಗನ ಚಡ್ಡಿ ನಾ ತೊಳಿತೇನ್ರೀ ಬಾಯಾರ. ನನ್ನ ಡಿಗ್ರಿ ಒಂದಿನಾನೂ ಕೇಳಲಿಲ್ಲಲ್ಲ!” ತುಟಿ ಹೊಲಿದುಕೋ ಎಂದವಳು ಅವಳೇ. ಜನ ಮತ್ತೆ ನಕ್ಕರು, ಆದರೆ ಎಲ್ಲರೂ ನಗಲಿಲ್ಲ.

ಗುರಲಿಂಗಪ್ಪ ಅಜ್ಜ ನನ್ನ ಪರವಾಗಿ ಮಾತಾಡಿಯಾರೆಂದು ನನಗೆ ಒಳಗೊಳಗೆ ಆಸೆಯಿತ್ತು. ಅವರು ಹೇಳಿದ್ದು ಇಷ್ಟು: “ಖರೆ ಹೇಳಿದಿ, ಛಲೋ ಆತು. ನಮ್ಮ ಮೊಮ್ಮಗಳು ನಿನ್ನ ಹೆಸರು ಹೇಳಿಕೋತ ಮಲಗತಾಳ, ಅದೂ ಖರೆ. ಆದ್ರ ತಾನ ಹತ್ತನೆತ್ತೆ ದಾಟದಾಂವ ಸಾಲ್ಯಾಗ ನಿಂತು ಕಲಸೂದು ನನಗ ಒಪ್ಪಿಗಿ ಇಲ್ಲ. ಮೊದಲ ಅದನ್ನ ದಾಟಿ ಬಾ.”

ಅದು ನನಗೆ ಹೊಡೆತದಂತೆ ಬಿತ್ತು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಸಭೆ ಮುಗಿದ ಮೇಲೆ ಸಂಜೀವಕುಮಾರ ಸರ್ ನನ್ನ ಮುಖ ನೋಡಲಿಲ್ಲ. ಗೋಡೆಗೆ ಹೇಳಿದಂತೆ ಹೇಳಿದರು. “ಪಾಸಾದ ಕಾಗದ ತರೂತನಕ ಕ್ಲಾಸಿನೊಳಗ ಕಾಲಿಡಬ್ಯಾಡ. ವ್ಯಾನಿಗೆ ಕ್ಲೀನರ್ ಬೇಕಾಗ್ಯಾನ. ಮನಸಿದ್ರ ಸೋಮವಾರ ಬಾ, ಇಲ್ಲಾಂದ್ರ ಬಿಡು.” ಪೂರ್ತಿ ಹೊರಗೆ ಹಾಕಲಿಲ್ಲ ಯಾಕೆಂದರೆ ಅಷ್ಟರಲ್ಲಿ ಒಂಬತ್ತು ತಾಯಂದಿರು ಅವರ ಕೋಣೆಯ ಮುಂದೆ ನಿಂತಿದ್ದರು. ರೊಟ್ಟಿಯ ತಕರಾರು ತಂದಿದ್ದವಳೂ ಅದರಲ್ಲಿದ್ದಳು. ಇನ್ನೂ ನಾಲ್ವರು ತಮ್ಮ ಮಕ್ಕಳನ್ನು ಸಾಲಿ ಬಿಡಿಸುತ್ತೇವೆಂದು ನಿಂತಿದ್ದರು. ಅದನ್ನೂ ಬರೆಯಬೇಕು. ಅವರಲ್ಲಿ ಇಬ್ಬರು ಬಿಡಿಸಿಯೂ ಬಿಟ್ಟರು.

ಮರುದಿನ ರವಿವಾರ. ಒಂದು ಕರಿ ಮಾರ್ಕರ್ ಪೆನ್ನು ಜೇಬಿನಲ್ಲಿಟ್ಟುಕೊಂಡು ಸಿಂದಗಿ ಬಸ್ಸು ಹತ್ತಿದೆ. ಬಸ್‌ಸ್ಟ್ಯಾಂಡಿನ ಕಂಬ, ಚಹಾದಂಗಡಿಯ ಗೋಡೆ, ಎಲ್ಲೆಲ್ಲಿ ಗುಲಾಬಿ ಕಾಗದ ಅಂಟಿತ್ತೋ ಅಲ್ಲೆಲ್ಲ ಫೋಟೋದ ಕೆಳಗಿನ ಸಾಲು ಹೊಡೆದುಹಾಕಿದೆ. ಒಬ್ಬ ಕಂಡಕ್ಟರ್ ನನ್ನನ್ನೂ ಫೋಟೋವನ್ನೂ ನೋಡಿ, “ನಿನ್ನ ಹೆಸರು ನೀನ ಯಾಕ ಕೆಡಸ್ತೀಯೋ?” ಎಂದು ಕೇಳಿದ. “ಹೆಸರು ಬಿಟ್ಟೇನ್ರಿ, ಬಾಜೂಕಿಂದಷ್ಟ ಅಳಸಾಕತ್ತೇನಿ” ಎಂದೆ. ದೇವಣಗಾಂವದ ಬಸ್ಸು ಪಕ್ಕದಲ್ಲೇ ನಿಂತಿತ್ತು, ಕಿಟಕಿಯ ಹತ್ತಿರ ಸೀಟು ಖಾಲಿ ಇತ್ತು. ಅದು ಹೊರಡುವತನಕ ನೋಡುತ್ತಾ ನಿಂತೆ. ಹತ್ತಲಿಲ್ಲ. ನೀನು ಕರೆಯದೆ ಬರುವ ಹಕ್ಕು ನನಗಿಲ್ಲ.

ಸೋಮವಾರ ವ್ಯಾನಿಗೆ ಹೋದೆ. ಗೊಳಸಂಗಿಯಿಂದ ಹಳ್ಳಿಹಳ್ಳಿ ಸುತ್ತಿ ಬಾಗೇವಾಡಿ ಮುಟ್ಟಲು ಒಂದು ತಾಸು. ಹತ್ತೊಂಬತ್ತು ಮಕ್ಕಳು. ಬಾಗಿಲು ಹಾಕಿದ ಕೂಡಲೇ ತೌಸಿಫ, “ಅಕ್ಕೋರ, ಬಕೆಟ್ ಎಲ್ಲಿ?” ಎಂದು ಕೇಳಿದ. ಕ್ಲಾಸಿನೊಳಗೆ ಕಾಲಿಡಬೇಡ ಅಂದಿದ್ದಾರೆ, ವ್ಯಾನಿನೊಳಗೆ ಬಾಯಿ ತೆರೆಯಬೇಡ ಅಂದಿಲ್ಲ. ಆದರೂ ಕದ್ದು ಮಾಡುವುದು ಬೇಡವೆಂದು ಸಾಲಿ ಮುಟ್ಟಿದ ಮೇಲೆ ಸರ್‌ ಹತ್ತಿರ ನೇರವಾಗಿ ಹೋದೆ. “ವ್ಯಾನಿನ್ಯಾಗ ಹಾಡ್ಸತೇನ್ರಿ. ಬ್ಯಾಡ ಅಂದ್ರ ಈಗ ಹೇಳ್ರಿ.” ಅವರು ಫೋನು ನೋಡುತ್ತಾ ಕುಳಿತಿದ್ದರು. ತಲೆ ಎತ್ತದೆಯೇ, “ಡ್ರೈವರನ ಕಿವಿ ಒಡೀಬ್ಯಾಡ್ರಿ, ಅಷ್ಟ” ಎಂದರು. ಈಗ ಹೋಗುವಾಗ ಹಾಡು, ಬರುವಾಗ ಬಣ್ಣ. ಕಿಟಕಿಯಲ್ಲಿ ಕಂಡದ್ದಕ್ಕೆಲ್ಲ ಹೆಸರು ಹೇಳುತ್ತೇವೆ. ತೊಗರಿ ಹೊಲ ಬೆರ್ದೆ, ಹಳದಿ ಹೂವು ಅಮರಿಯೊ. ಡ್ರೈವರ್ ಶಂಕರೆಪ್ಪ ಕಾಕಾ ನಿನ್ನೆ ಎಮ್ಮೆ ಅಡ್ಡ ಬಂದಾಗ ಹಾರ್ನ್ ಹೊಡೆದು, “ಬಾಜೂಕ ಸರಿ ನೆಗ್ರಾ!” ಎಂದು ಬೈದರು.

ಬುಧವಾರ ನಮ್ಮ ಹಳೆಯ ಹೈಸ್ಕೂಲಿಗೆ ಹೋಗಿ ಪರೀಕ್ಷೆಯ ಫಾರ್ಮ್ ತುಂಬಿದೆ. ಕ್ಲರ್ಕು ಕಂಪ್ಯೂಟರಿನಲ್ಲಿ ನನ್ನ ಹಳೆಯ ದಾಖಲೆ ತೆಗೆದು ನನಗೂ ತೋರಿಸಿದರು. ಆರು ವಿಷಯ, ಆರರ ಮುಂದೆಯೂ ಗೈರು. “ಒಂದರೆ ಬರೀಬಾರದೇನೋ ಮಾರಾಯಾ!” ಎಂದರು. ಗಣಿತ ಹೇಳಿಕೊಡುತ್ತೇನೆಂದು ರಾಜೇಶ್ವರಿ ಮೇಡಂ ಒಪ್ಪಿದ್ದಾರೆ. ಸಾಲಿ ಬಿಟ್ಟ ಮೇಲೆ ವ್ಯಾನು ಹೊರಡುವತನಕ ಅರ್ಧ ತಾಸು, ಗೇಟಿನ ಹತ್ತಿರದ ಬೆಂಚಿನ ಮೇಲೆ. ಮೇಡಂ ಬಹಳ ಬಿಗಿ. ಮೊನ್ನೆ ಭಿನ್ನರಾಶಿ ತಪ್ಪಿದ್ದಕ್ಕೆ ಎಲ್ಲರೆದುರು, “ಏಳ್ರೀ ಅಕ್ಕೋರ, ಕೈ ಮ್ಯಾಲೆತ್ತಿ ನಿಂದರ್ರಿ” ಎಂದರು. ನಿಂತೆ. ಮಕ್ಕಳಿಗೆ ಅದಕ್ಕಿಂತ ಖುಷಿಯ ದಿನ ಬಂದಿರಲಿಕ್ಕಿಲ್ಲ.

ಮಾರ್ಚಿನಲ್ಲಿ ಕೂಡುತ್ತೇನೆ. ಆರಕ್ಕೆ ಆರೂ ಬರೆಯುತ್ತೇನೆ. ಫೇಲಾದರೆ ಮತ್ತೆ ಕೂಡುತ್ತೇನೆ. ಪಾಸಾದರೂ ಫೇಲಾದರೂ ನಿನಗೆ ನಾನು ಬಾಯಿಮಾತಿನಲ್ಲಿ ಹೇಳುವುದಿಲ್ಲ, ಅಂಕಪಟ್ಟಿಯನ್ನೇ ಕಳಿಸುತ್ತೇನೆ.

ಸುನೀತಾಗೆ ನನ್ನ ಮುತ್ತು. ಅವಳು ಗಟ್ಟಿಮುಟ್ಟಾಗಿ ಬೆಳೆಯಲಿ, ಅವಳಿಗೆ ಬೇಕಾದಷ್ಟು ಓದಲಿ, ಯಾರೂ ನಡುವೆ ತಡೆಯದಿರಲಿ. ಅತ್ತೆಗೂ ಮಾವನಿಗೂ ನನ್ನ ಶರಣು ಹೇಳು, ಹೇಳಬೇಕೆನಿಸಿದರೆ.

ನಿನ್ನ ತಮ್ಮ
ಕಾಂತು

ತಾ.ಕ.: ಮೇಲಿನದೆಲ್ಲ ಬರೆದು ಮಡಚಿ ಇಟ್ಟಿದ್ದೆ, ಮತ್ತೆ ಬಿಚ್ಚಿದೆ. ಪರೀಕ್ಷೆಗೆ ಯಾಕೆ ಕೂಡಲಿಲ್ಲವೆಂದು ನೀನು ಅವತ್ತು ಫೋನಿನಲ್ಲಿ ಅಳುತ್ತಾ ಕೇಳಿದೆ. ಹೆದರಿಕೆಯಾಯಿತು ಎಂದೆ. ಅದೂ ಸುಳ್ಳು. ನೀನು ಎಂಟನೆತ್ತೆಯಲ್ಲಿದ್ದಾಗ, ಕುರಿ ಹಿಂದೆ ಒಬ್ಬರು ಬರಬೇಕು, ಯಾರು ಬರುತ್ತೀರಿ ಎಂದು ಅಪ್ಪ ನಮ್ಮಿಬ್ಬರನ್ನೂ ಕೇಳಿದ. ಮೊದಲು ಕೇಳಿದ್ದು ನನ್ನನ್ನು. ನೀನು ಕ್ಲಾಸಿಗೆ ಮೊದಲು, ನಾನು ಕೊನೆಯ ಬೆಂಚು. ನಾ ಹೋಗ್ತೇನಿ ಅಂದಿದ್ದರೆ ಅಪ್ಪ ನನ್ನನ್ನೇ ಕರೆದುಕೊಂಡು ಹೋಗುತ್ತಿದ್ದ, ನನಗೂ ಕುರಿಯ ಹಿಂದೆ ತಿರುಗುವುದೇ ಇಷ್ಟ. ಆದರೆ ಆ ವಾರವೇ ನಿನಗೆ ಸರ್ಕಾರದ ಸೈಕಲ್ ಬಂದಿತ್ತು, ಮುಂದೆ ಬುಟ್ಟಿ ಇದ್ದದ್ದು. ನೀನು ಸಾಲಿ ಬಿಟ್ಟರೆ ಅದು ನನ್ನದಾಗುತ್ತದೆ ಎಂದು ನನ್ನ ತಲೆಯಲ್ಲಿ ಬಂತು. ನಾನು ಬಾಯಿ ಬಿಡಲಿಲ್ಲ. ನೀನು ನನ್ನ ಮುಖ ನೋಡಿದೆ, ಆಮೇಲೆ “ನಾ ಬರ್ತೇನಿ ಅಪ್ಪಾ” ಎಂದೆ. ಎರಡು ವರ್ಷ ತಾಳಿದ್ದರೆ ನನಗೂ ಒಂದು ಸೈಕಲ್ ಬರುತ್ತಿತ್ತು, ಬಂತು ಕೂಡ. ಪರೀಕ್ಷೆಯ ದಿನ ನಾನು ಏರಿಕೊಂಡು ಹೋದದ್ದು ನಿನ್ನದನ್ನೇ. ಗೇಟಿನ ಮುಂದೆ ಸ್ಟ್ಯಾಂಡ್ ಹಾಕಿದೆ. ಒಳಗೆ ಹುಡುಗಿಯರು ಸಾಲಾಗಿ ಹೋಗುತ್ತಿದ್ದರು. ನನಗೆ ಸೈಕಲ್ಲಿನಿಂದ ಕೈ ತೆಗೆಯಲು ಆಗಲಿಲ್ಲ.